ಪ್ಲಾಟಿನಂ ಕಣಕ್ಕೆ ಗಟ್ಟಿ ನೆಲೆ ಬೇಕು

ಜಪಾನಿನ ಟೊಯೋಟಾ ಕಂಪನಿ 2014ರ ಡಿಸೆಂಬರ್‌ನಲ್ಲಿ ಮಿರಾಯ್ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಟ್ಯಾಂಕಿನಲ್ಲಿ ಹೈಡ್ರೋಜನ್, ಓಡುವಾಗ ಹೊರಬಿಡುವುದು ಬರೀ ನೀರು. ಹೈಡ್ರೋಜನ್ನನ್ನೂ ಗಾಳಿಯ ಆಮ್ಲಜನಕವನ್ನೂ ಸೇರಿಸಿ ವಿದ್ಯುತ್ ಹುಟ್ಟಿಸುವ ಅದರ ಇಂಧನ ಕೋಶಕ್ಕೆ ಕ್ರಿಯಾವರ್ಧಕವಾಗಿ ಪ್ಲಾಟಿನಂ ಬೇಕು. ಅದು ದುಬಾರಿ ಎಂಬುದು ಎಲ್ಲರಿಗೂ ಗೊತ್ತು. ಎಂಜಿನಿಯರುಗಳನ್ನು ಹೆಚ್ಚು ಕಾಡುವುದು ಅದರ ಬಾಳಿಕೆ.

ಖರ್ಚು ಉಳಿಸಲು ಪ್ಲಾಟಿನಂನ್ನು 2ರಿಂದ 5 ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಇಂಗಾಲದ ಪುಡಿಯ ಮೇಲೆ ಹರಡುತ್ತಾರೆ. ಇಷ್ಟು ಸಣ್ಣ ಕಣಗಳು ಇಟ್ಟಲ್ಲಿ ಇರುವುದಿಲ್ಲ. ಆಕ್ಸಿಲರೇಟರ್ ತುಳಿದರೆ ಕೋಶದ ವೋಲ್ಟೇಜ್ ಇಳಿಯುತ್ತದೆ, ಕಾಲು ತೆಗೆದರೆ ಏರುತ್ತದೆ. ಈ ಏರಿಳಿತದಲ್ಲಿ ಸಣ್ಣ ಕಣಗಳು ಕರಗಿ, ದೊಡ್ಡವುಗಳ ಮೇಲೆ ಹೋಗಿ ಕೂರುತ್ತವೆ. ಸ್ವಲ್ಪ ಭಾಗ ಪಕ್ಕದ ಪೊರೆಗೆ ನುಸುಳಿ ಪಟ್ಟಿಯಂತೆ ನಿಲ್ಲುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಸಿಕ್ಕಿಬಿದ್ದ ಪ್ಲಾಟಿನಂ ವಿದ್ಯುತ್ ಉತ್ಪಾದನೆಗೆ ಕಿಂಚಿತ್ತೂ ನೆರವಾಗದು.

ಇಂಗಾಲವೂ ಸವೆಯುತ್ತದೆ. ಇದು ಹೆಚ್ಚಾಗಿ ನಡೆಯುವುದು ಗಾಡಿ ಶುರುವಾಗುವಾಗ. ನಿಂತ ಗಾಡಿಯಲ್ಲಿ ಹೈಡ್ರೋಜನ್ ಬದಿಗೂ ಗಾಳಿ ಸೇರಿಕೊಂಡಿರುತ್ತದೆ. ಹೊಸ ಹೈಡ್ರೋಜನ್ ನುಗ್ಗಿ ಆ ಗಾಳಿಯನ್ನು ತಳ್ಳುವ ಅರೆಗಳಿಗೆಯಲ್ಲಿ ಎದುರು ಬದಿಯ ಒಂದು ಭಾಗದ ವೋಲ್ಟೇಜ್ 1.5ರ ಆಸುಪಾಸಿಗೆ ಜಿಗಿಯುತ್ತದೆ. ಇಂಗಾಲ ನೀರಿನೊಂದಿಗೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಆಧಾರ ಕಳೆದುಕೊಂಡ ಕಣಗಳು ಕಳಚುತ್ತವೆ. ರಂಧ್ರಗಳು ಕುಸಿದು ಆಮ್ಲಜನಕಕ್ಕೆ ದಾರಿ ಮುಚ್ಚುತ್ತದೆ.

ಇಂಗಾಲವನ್ನು 2,000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಅದು ಗ್ರಾಫೈಟಿನ ಗುಣ ಪಡೆದು ಸವೆತವನ್ನು ತಾಳಿಕೊಳ್ಳುತ್ತದೆ. ಆದರೆ ಮೇಲ್ಮೈ ಕಡಿಮೆಯಾಗಿ, ಕಣಗಳಿಗೆ ಹಿಡಿತ ಸಿಗುವ ಜಾಗಗಳೂ ಇಳಿಯುತ್ತವೆ. ಹೀಗಾಗಿ ಸಂಶೋಧಕರು ಇಂಗಾಲಕ್ಕೆ ಸಾರಜನಕ ಬೆರೆಸಿ ಕಣಗಳನ್ನು ಹಿಡಿದಿಡಲು ನೋಡುತ್ತಿದ್ದಾರೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು 2007ರಲ್ಲಿ ಪ್ಲಾಟಿನಂ ಮೇಲೆ ಚಿನ್ನದ ಪುಟ್ಟ ಗುಚ್ಛಗಳನ್ನು ಕೂರಿಸಿದರು. 30,000 ಬಾರಿ ವೋಲ್ಟೇಜ್ ಏರಿಳಿಸಿದರೂ ಅದರ ಚಟುವಟಿಕೆ ಹೆಚ್ಚು ಕುಗ್ಗಲಿಲ್ಲ. ಪ್ಲಾಟಿನಂಗೆ ಕೋಬಾಲ್ಟ್ ಬೆರೆಸಿ, ಪರಮಾಣುಗಳನ್ನು ಸಾಲಾಗಿ ಜೋಡಿಸುವ ದಾರಿಯೂ ಇದೆ; ಜೋಡಣೆ ಕ್ರಮಬದ್ಧವಾಗಿದ್ದರೆ ಕೋಬಾಲ್ಟ್ ಬೇಗ ಸೋರಿಹೋಗುವುದಿಲ್ಲ.

ಇವೆಲ್ಲ ಲೋಹ, ಇಂಗಾಲಗಳ ಮಾತಾಯಿತು. ವೋಲ್ಟೇಜ್ ತೀರಾ ಮೇಲೇರದಂತೆ ತಡೆಯುವ, ಶುರುವಿನಲ್ಲಿ ಹೈಡ್ರೋಜನ್ನನ್ನು ಬೇಗ ಹಾಯಿಸುವ ನಿಯಂತ್ರಣ ವ್ಯವಸ್ಥೆಗೂ ಅಷ್ಟೇ ಮಹತ್ವ ಕೊಡಬೇಕು. ಒಳ್ಳೆಯ ಕ್ರಿಯಾವರ್ಧಕವನ್ನು ಕೆಟ್ಟ ಬಳಕೆ ಹಾಳುಮಾಡಬಲ್ಲದು.

ಕಾರಿಗಿಂತ ಕಠಿಣ ಪರೀಕ್ಷೆ ಟ್ರಕ್ಕಿನದು. ಅಮೆರಿಕದ ಇಂಧನ ಇಲಾಖೆ ಕಾರಿನ ಇಂಧನ ಕೋಶಕ್ಕೆ 8,000 ಗಂಟೆಗಳ ಗುರಿ ಇಟ್ಟಿದ್ದರೆ, ದೂರ ಓಡುವ ಭಾರೀ ಟ್ರಕ್ಕಿಗೆ ಅಂತಿಮ ಗುರಿ 30,000 ಗಂಟೆ.