ಬೆಟ್ಟದ ತುದಿಯ ಊರಿಗೆ ನೀರು ಎಲ್ಲಿಂದ ಬಂತು?



ದೇವನಹಳ್ಳಿ ತಾಲ್ಲೂಕಿನ ಬಯಲಿನಲ್ಲಿ 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾಯಿತು. ಅಂದಿನಿಂದ ವಿದೇಶ ಪ್ರವಾಸವೆಂಬುದು ನಮ್ಮ ಸುತ್ತಲಿನ ಊರುಗಳಿಗೆ ಕೇವಲ ಕೇಳಿದ ಮಾತಾಗಿ ಉಳಿದಿಲ್ಲ. ದೊಡ್ಡಬಳ್ಳಾಪುರದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಪತ್ನಿಯೊಡನೆ ಅಕ್ಟೋಬರ್ ತಿಂಗಳಲ್ಲಿ ಇಟಲಿಗೆ ಹೊರಟಿದ್ದಾರೆಂದು ಭಾವಿಸೋಣ. ಮೊದಲು ಕಡಲ ತೀರದ ಊರುಗಳು, ಆಮೇಲೆ ಬೆಟ್ಟದ ತುದಿಯ ಊರುಗಳು. ಇದು ಅವರ ಯೋಜನೆ. ಈ ದಂಪತಿಗಳು ನಮ್ಮ ಕಲ್ಪನೆಯವರು. ಅವರು ನೋಡುವ ಊರುಗಳು ಮಾತ್ರ ನಿಜವಾದವು. ನೀವೂ ಅವರ ಜೊತೆ ಹೊರಡಿ. ಹೊರಡುವಾಗ ಒಂದು ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಳ್ಳಿ: ಊರು ಎಂಬುದು ಅಲ್ಲಿಯೇ ಏಕೆ ಹುಟ್ಟಿತು, ಮತ್ತು ಇಷ್ಟು ಕಾಲ ಹೇಗೆ ಉಳಿಯಿತು?

ಕಾಲ ಮತ್ತು ಗಡಿಯಾರ

ಇಟಲಿಗೆ ಹೋಗಲು ಪಾಸ್‌ಪೋರ್ಟ್ ಜೊತೆಗೆ ಷೆಂಗೆನ್ ವೀಸಾ ಬೇಕು. ಷೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದ ಒಂದು ಸಣ್ಣ ಹಳ್ಳಿ. ಯೂರೋಪಿನ ಕೆಲವು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಡುವ ಒಪ್ಪಂದಕ್ಕೆ 1985ರಲ್ಲಿ ಅಲ್ಲಿ ಸಹಿ ಹಾಕಿದವು. ಈ ವೀಸಾ ಪಡೆದ ಪ್ರವಾಸಿಗರು ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಅಲ್ಲಿ ತಂಗುವಂತಿಲ್ಲ.

ಅಕ್ಟೋಬರ್ ಎಂದರೆ ನಮಗೆ ಹಿಂಗಾರು ಮಳೆಯ ಕಾಲ, ರಾಗಿ ತೆನೆ ಕಟ್ಟುವ ಕಾಲ. ಇಟಲಿಯಲ್ಲಿ ಅದು ಎಲೆ ಉದುರುವ ಶರತ್ಕಾಲ. ದೊಡ್ಡಬಳ್ಳಾಪುರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ರೋಮ್ ನಗರ ಸುಮಾರು 42 ಡಿಗ್ರಿಯಲ್ಲಿದೆ. ಸೆಪ್ಟೆಂಬರ್ 22 ಅಥವಾ 23ರ ವಿಷುವದ ನಂತರ ಉತ್ತರಕ್ಕೆ ಹೋದಷ್ಟೂ ಹಗಲು ವೇಗವಾಗಿ ಕುಗ್ಗುತ್ತದೆ. ನಮ್ಮಲ್ಲಿ ಡಿಸೆಂಬರಿನ ಅತಿ ಸಣ್ಣ ಹಗಲು ಕೂಡ ಹನ್ನೊಂದು ಗಂಟೆ ಮೀರುತ್ತದೆ; ರೋಮಿನಲ್ಲಿ ಅದು ಸುಮಾರು ಒಂಬತ್ತು ಗಂಟೆಗೆ ಇಳಿಯುತ್ತದೆ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅಲ್ಲಿನವರು ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದಕ್ಕೆ ಮೊದಲು ನಮಗೂ ಅವರಿಗೂ ಮೂರೂವರೆ ಗಂಟೆಯ ಅಂತರ, ಆನಂತರ ನಾಲ್ಕೂವರೆ ಗಂಟೆ. ಊರಿಗೆ ದೂರವಾಣಿ ಮಾಡುವ ಪ್ರವಾಸಿಗರು ಇದನ್ನು ನೆನಪಿಡಬೇಕು.

ಕಡಲ ತೀರದ ಐದು ಊರುಗಳು

ಇಟಲಿಯ ವಾಯವ್ಯ ಕರಾವಳಿಯಲ್ಲಿ ಚಿಂಕ್ವೆ ತೆರ್ರೆ ಎಂಬ ಪ್ರದೇಶವಿದೆ. ಹೆಸರಿನಲ್ಲಿರುವ 'ಚಿಂಕ್ವೆ' ಎಂದರೆ ಐದು. ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯ, ಮನರೋಲ, ರಿಯೋಮಜ್ಜೋರೆ ಎಂಬ ಐದು ಊರುಗಳು ಕಡಿದಾದ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಅಂಟಿಕೊಂಡಿವೆ. ಕೊರ್ನೀಲ್ಯ ಮಾತ್ರ ಕಡಲಿಗೆ ಇಳಿಯದೆ ಸುಮಾರು ನೂರು ಮೀಟರ್ ಎತ್ತರದ ಬಂಡೆಯ ಮೇಲೆ ಕುಳಿತಿದೆ. ರೈಲು ಇಳಿದವರು ಅಲ್ಲಿಗೆ ನಡೆದು ಹೋಗಬೇಕಾದರೆ 380ರಷ್ಟು ಮೆಟ್ಟಿಲು ಹತ್ತಬೇಕು. ಶಿವಗಂಗೆ ಹತ್ತಿ ಅಭ್ಯಾಸವಿರುವ ನಮ್ಮ ದಂಪತಿಗಳಿಗೆ ಇದೇನೂ ಹೆಚ್ಚಲ್ಲ.

ಇಲ್ಲಿ ಸಮತಟ್ಟಾದ ಹೊಲವೇ ಇಲ್ಲ. ಆದ್ದರಿಂದ ಶತಮಾನಗಳ ಕಾಲ ರೈತರು ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಗಾರೆಯಿಲ್ಲದೆ ಬರಿ ಕಲ್ಲು ಪೇರಿಸಿ ಗೋಡೆ ಕಟ್ಟಿ, ಅದರ ಹಿಂದೆ ಮಣ್ಣು ತುಂಬಿ ದ್ರಾಕ್ಷಿ ಬೆಳೆದರು. ಗಾರೆ ಹಾಕದಿರುವುದು ಬಡತನದಿಂದಲ್ಲ, ಜಾಣತನದಿಂದ. ಮಳೆನೀರು ಕಲ್ಲಿನ ಸಂದುಗಳಿಂದ ನಿಧಾನವಾಗಿ ಹೊರಬರುತ್ತದೆ, ಗೋಡೆಯ ಹಿಂದೆ ಒತ್ತಡ ಸೇರುವುದಿಲ್ಲ. ಈ ಭೂದೃಶ್ಯವನ್ನು 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾರೆಯಿಲ್ಲದೆ ಕಲ್ಲುಗೋಡೆ ಕಟ್ಟುವ ಕಲೆಗೂ 2018ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು.

ಆದರೆ ಇಂತಹ ಗೋಡೆಗೆ ಪ್ರತಿವರ್ಷ ಆರೈಕೆ ಬೇಕು. ಇಪ್ಪತ್ತನೆಯ ಶತಮಾನದಲ್ಲಿ ಜನರು ಪಟ್ಟಣದ ಕೆಲಸಕ್ಕೂ ಆಮೇಲೆ ಪ್ರವಾಸೋದ್ಯಮಕ್ಕೂ ತಿರುಗಿದಾಗ ಅನೇಕ ಮೆಟ್ಟಿಲು ತೋಟಗಳು ಪಾಳುಬಿದ್ದವು. ಬಿದ್ದ ಕಲ್ಲನ್ನು ಎತ್ತಿಡುವವರು ಇಲ್ಲವಾದರು. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ಭೀಕರ ಮಳೆ ಸುರಿಯಿತು. ಬೇಸಿಗೆಯಿಡೀ ಕಾದ ಸಮುದ್ರ, ಅದರ ಮೇಲೆ ಬರುವ ಶರತ್ಕಾಲದ ತಣ್ಣನೆಯ ಗಾಳಿ, ತೇವದ ಗಾಳಿಯನ್ನು ಥಟ್ಟನೆ ಮೇಲಕ್ಕೆತ್ತುವ ಬೆಟ್ಟ: ಈ ಮೂರೂ ಕೂಡಿದಾಗ ಅಲ್ಲಿ ಇಂತಹ ಮಳೆಯಾಗುತ್ತದೆ. ಮಣ್ಣು, ಕಲ್ಲು, ನೀರು ಒಟ್ಟಾಗಿ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಊರುಗಳೊಳಗೆ ನುಗ್ಗಿದವು. ಮನೆ ಅಂಗಡಿಗಳ ನೆಲ ಅಂತಸ್ತು ಕೆಸರಿನಲ್ಲಿ ಹೂತುಹೋಯಿತು, ಪ್ರಾಣಹಾನಿಯೂ ಆಯಿತು. ಮರುವರ್ಷ ರಿಯೋಮಜ್ಜೋರೆಯಿಂದ ಮನರೋಲಕ್ಕೆ ಹೋಗುವ ಪ್ರಸಿದ್ಧ ಕಾಲುದಾರಿಯಲ್ಲಿ ಬಂಡೆ ಕುಸಿದು ಪ್ರವಾಸಿಗರು ಗಾಯಗೊಂಡರು. ಮುಚ್ಚಿದ ಆ ದಾರಿ ಪೂರ್ತಿಯಾಗಿ ತೆರೆದದ್ದು 2024ರಲ್ಲಿ, ಅದೂ ಟಿಕೆಟ್ಟು ಮತ್ತು ನಿಗದಿತ ಸಮಯದ ಮಿತಿಯೊಡನೆ.

ಇದು ದೂರದ ಕಥೆ ಎನ್ನಬೇಡಿ. 2021ರ ಆಗಸ್ಟ್ ತಿಂಗಳಲ್ಲಿ ನಮ್ಮ ನೆರೆಯ ನಂದಿಬೆಟ್ಟದಲ್ಲಿಯೂ ಭಾರಿ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿತ್ತು. ಕೆಲವು ತಿಂಗಳು ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವಿರಲಿಲ್ಲ.

ಬಂಡೆಯ ಮೇಲಿನ ಪಟ್ಟಣ

ಈಗ ದಂಪತಿಗಳು ಒಳನಾಡಿಗೆ ಬರಲಿ. ಮಧ್ಯ ಇಟಲಿಯಲ್ಲಿ ಬೆಟ್ಟದ ತುದಿಗೆ ಕಿರೀಟವಿಟ್ಟಂತೆ ಊರುಗಳು ಕಾಣುತ್ತವೆ. ಶತ್ರುಗಳಿಂದ ರಕ್ಷಣೆ ಇದಕ್ಕೆ ಮೊದಲ ಕಾರಣ. ತಗ್ಗಿನ ಜೌಗು ನೆಲಗಳಲ್ಲಿ ಹಿಂದೆ ಮಲೇರಿಯಾ ಹೆಚ್ಚಾಗಿದ್ದುದು ಮತ್ತೊಂದು ಕಾರಣ. ಆದರೆ ಎತ್ತರಕ್ಕೆ ಏರಿದವರನ್ನು ಒಂದು ಸಂಕಟ ಬಿಡದೆ ಹಿಂಬಾಲಿಸುತ್ತದೆ. ಶತ್ರು ಕೋಟೆಯ ಸುತ್ತ ಸುಮ್ಮನೆ ಕುಳಿತರೂ ಸಾಕು, ಒಳಗಿನವರು ಬಾಯಾರಿ ಬಾಗಿಲು ತೆರೆಯಬೇಕಾದೀತು.

ಒರ್ವಿಯೆತೊ ಪಟ್ಟಣ ಇದಕ್ಕೆ ಒಳ್ಳೆಯ ಉದಾಹರಣೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಉಂಟಾದ ಮೆದುಕಲ್ಲಿನ ಬಂಡೆಯ ಮೇಲೆ ಈ ಊರಿದೆ. 1527ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನ್ಯ ರೋಮ್ ನಗರವನ್ನು ಲೂಟಿಮಾಡಿದಾಗ ಪೋಪ್ ಏಳನೆಯ ಕ್ಲೆಮೆಂಟ್ ಇಲ್ಲಿ ಬಂದು ಆಶ್ರಯ ಪಡೆದರು. ಮುತ್ತಿಗೆಯಾದರೆ ನೀರಿಗೇನು ಗತಿ ಎಂಬ ಚಿಂತೆಯಿಂದ ಅವರು ಒಂದು ಬಾವಿಗೆ ಆಜ್ಞೆ ಮಾಡಿದರು. ಕಿರಿಯ ಅಂತೋನಿಯೊ ದ ಸಾಂಗಾಲ್ಲೊ ಎಂಬ ವಾಸ್ತುಶಿಲ್ಪಿ ಅದನ್ನು ರೂಪಿಸಿದ. ಸುಮಾರು 53 ಮೀಟರ್ ಆಳ, 13 ಮೀಟರ್ ಅಗಲದ ಆ ಬಾವಿ 1537ರಲ್ಲಿ ಮುಗಿಯಿತು. ಅದರ ಗೋಡೆಯೊಳಗೆ ಸುತ್ತುತ್ತ ಇಳಿಯುವ ಎರಡು ಮೆಟ್ಟಿಲ ದಾರಿಗಳಿವೆ, ಒಂದೊಂದಕ್ಕೂ 248 ಮೆಟ್ಟಿಲು. ಒಂದು ದಾರಿಯಲ್ಲಿ ಹೇಸರಗತ್ತೆ ಇಳಿದರೆ, ತಳದ ಸಣ್ಣ ಸೇತುವೆ ದಾಟಿ, ನೀರು ಹೊತ್ತು ಮತ್ತೊಂದು ದಾರಿಯಲ್ಲಿ ಹತ್ತುತ್ತಿತ್ತು. ಎದುರು ಬದುರಾಗಿ ಡಿಕ್ಕಿ ಹೊಡೆಯುವ ಮಾತೇ ಇಲ್ಲ. ಸಿಯೆನಾ ಎಂಬ ಇನ್ನೊಂದು ಬೆಟ್ಟದೂರಿನವರು ನೆಲದಡಿ ಒಟ್ಟು 25 ಕಿಲೋಮೀಟರಿನಷ್ಟು ಸುರಂಗ ಕಾಲುವೆಗಳನ್ನು ತೋಡಿ, ಒಸರುವ ನೀರನ್ನು ಹನಿಹನಿಯಾಗಿ ಊರಿನ ಕಾರಂಜಿಗಳಿಗೆ ತಂದರು. ಅಲ್ಲಿ ಕುಡಿಯುವ ತೊಟ್ಟಿ ತುಂಬಿ ಹರಿದ ನೀರು ದನಗಳ ತೊಟ್ಟಿಗೆ, ಅದರಿಂದ ಬಟ್ಟೆ ಒಗೆಯುವ ತೊಟ್ಟಿಗೆ ಹೋಗುತ್ತಿತ್ತು. ಒಂದೇ ನೀರಿಗೆ ಮೂರು ಬಳಕೆ!

ಮರಳಿ ನಮ್ಮ ಬೆಟ್ಟಕ್ಕೆ

ಈ ಕಣ್ಣಿನಿಂದ ನಮ್ಮ ಜಿಲ್ಲೆಯನ್ನು ನೋಡಿ. ನೆಲಮಂಗಲ ತಾಲ್ಲೂಕಿನ ಶಿವಗಂಗೆ 1,300 ಮೀಟರಿಗೂ ಎತ್ತರದ ಬೆಟ್ಟ. ಅದರ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರಾಮನಗರದ ಹಳೆಯ ಹೆಸರಿನಿಂದ ಬಂದ ಈ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಒರ್ವಿಯೆತೊದ ಮೆದುಕಲ್ಲಿನಂತೆ ಇದನ್ನು ಸುಲಭವಾಗಿ ತೋಡಲಾಗದು, ಇದು ನೀರನ್ನು ಹೀರಿಕೊಳ್ಳುವುದೂ ಇಲ್ಲ. ಇಲ್ಲಿ ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮತ್ತು ತಗ್ಗುಗಳಲ್ಲಿ. ಅದಕ್ಕೇ ನಮ್ಮ ಹಿರಿಯರು ದೊಣೆಗಳನ್ನು ಕಾಪಾಡಿದರು, ಕಲ್ಯಾಣಿ ಕಟ್ಟಿದರು. ನಂದಿಬೆಟ್ಟದ ಅಮೃತ ಸರೋವರ ಅಂತಹ ಒಂದು ಕೊಳ. ಶಿವಗಂಗೆಯ ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟವರಿಗೆಲ್ಲ ನೀರು ಸಿಗುವುದಿಲ್ಲವೆಂಬುದು ಭಕ್ತರ ನಂಬಿಕೆ. ಶ್ರದ್ಧೆಯ ಮಾತು ಶ್ರದ್ಧೆಗಿರಲಿ. ಕಲ್ಲಿನ ಬಿರುಕಿನಲ್ಲಿ ಸೇರುವ ಮಳೆನೀರಿನ ಮಟ್ಟ ಕಾಲಕಾಲಕ್ಕೆ ಏರಿಳಿಯುವುದು ಸಹಜವೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು.

ಬೆಟ್ಟದಲ್ಲಿ ನಿಲ್ಲದ ನೀರು ಕೆಳಗಿಳಿದು ಏನಾಯಿತು? ನಂದಿಬೆಟ್ಟದ ಕಡೆಯಿಂದ ಹೊರಟ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿ, ಹೆಸರಘಟ್ಟ ಮತ್ತು 1933ರಲ್ಲಿ ಸಿದ್ಧವಾದ ತಿಪ್ಪಗೊಂಡನಹಳ್ಳಿ ಜಲಾಶಯಗಳ ಮೂಲಕ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ದಕ್ಷಿಣ ಪಿನಾಕಿನಿ ಹೊಸಕೋಟೆಯ ದೊಡ್ಡ ಕೆರೆಗೆ ಆಸರೆಯಾಯಿತು. ಆಮೇಲಿನ ದಶಕಗಳಲ್ಲಿ ರಾಜಕಾಲುವೆಗಳು ಒತ್ತುವರಿಯಾದವು, ನೀಲಗಿರಿ ತೋಪುಗಳು ಹಬ್ಬಿದವು, ಕೊಳವೆಬಾವಿಗಳು ಸಾವಿರ ಅಡಿ ಮೀರಿ ಇಳಿದವು. ಅರ್ಕಾವತಿಯ ಹರಿವು ಬಹಳ ಕುಗ್ಗಿತು. ಇಂದು ದೇವನಹಳ್ಳಿ ಕಡೆಯ ಕೆಲವು ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಬರುತ್ತಿದೆ. ಒಂದು ಕಾಲಕ್ಕೆ ನಗರಕ್ಕೆ ನೀರು ಕೊಟ್ಟ ಸೀಮೆ ಈಗ ನಗರದಿಂದ ನೀರು ಪಡೆಯುತ್ತಿದೆ.

ಚಿಂಕ್ವೆ ತೆರ್ರೆಯ ಗೋಡೆ ಮತ್ತು ನಮ್ಮ ಕೆರೆಯ ಏರಿ ಹೇಳುವ ಪಾಠ ಒಂದೇ. ಕಟ್ಟಿದವರ ಶ್ರಮ ಎಷ್ಟೇ ದೊಡ್ಡದಿರಲಿ, ಹೂಳೆತ್ತುವ, ಬಿದ್ದ ಕಲ್ಲನ್ನು ಮತ್ತೆ ಪೇರಿಸುವ ಕೈಗಳು ನಿಂತ ವರ್ಷದಿಂದಲೇ ಅದು ಸೋಲತೊಡಗುತ್ತದೆ.

ಮುಂದಿನ ಬಾರಿ ಶಿವಗಂಗೆಗೋ ದೊಡ್ಡಬಳ್ಳಾಪುರದ ಮಾಕಳಿದುರ್ಗಕ್ಕೋ ಹೋದಾಗ ಒಂದು ಟಿಪ್ಪಣಿ ಪುಸ್ತಕ ಜೊತೆಗಿರಲಿ. ದೊಣೆಗಳು ಎಷ್ಟಿವೆ, ಯಾವುದರಲ್ಲಿ ನೀರಿದೆ, ಯಾವುದರಲ್ಲಿ ಪ್ಲಾಸ್ಟಿಕ್ ತುಂಬಿದೆ ಎಂದು ಬರೆದುಕೊಳ್ಳಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೋಗಿ ಎರಡನ್ನೂ ಹೋಲಿಸಿ. ಬೆಟ್ಟದಿಂದ ಇಳಿಯುವ ನೀರು ನಿಮ್ಮೂರಿನ ಯಾವ ಕೆರೆ ಸೇರುತ್ತದೆಂದು ಮನೆಯ ಹಿರಿಯರನ್ನು ಕೇಳಿ, ಆ ಕಾಲುವೆಯ ಜಾಡು ಹಿಡಿದು ನಡೆಯಿರಿ. ಎಲ್ಲಿ ಕಡಿದುಹೋಗಿದೆಯೋ ಅಲ್ಲಿ ನಿಂತು ಗುರುತು ಮಾಡಿಕೊಳ್ಳಿ. ಆ ಗುರುತನ್ನು ನಿಮ್ಮ ಉಪಾಧ್ಯಾಯರಿಗೆ ತೋರಿಸಿ, ಗ್ರಾಮ ಪಂಚಾಯಿತಿಯ ಸಭೆಯಲ್ಲಿಯೂ ಮುಂದಿಡಿ.