ಹೊಸ ಹಲ್ಲುಸೆಟ್ಟಿಗೆ ಮೊದಲು ಒಸಡು ಮಾಯಬೇಕು

ಹಲ್ಲುಸೆಟ್ಟು ಒತ್ತುತ್ತಿದೆ, ಊಟ ಮಾಡಲಾಗುತ್ತಿಲ್ಲ ಎಂದು ಮನೆಯ ಹಿರಿಯರು ಹೇಳಿದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಕೇಳಿಬರುತ್ತದೆ. ‘ಇನ್ನೊಂದಿಷ್ಟು ದಿನ ಹಾಕ್ಕೊಂಡಿರಿ, ಅಭ್ಯಾಸ ಆಗುತ್ತೆ’ ಎನ್ನುವುದು ಒಂದು. ‘ಇದು ಹಳೇದಾಯ್ತು, ಹೊಸದು ಮಾಡಿಸಿಬಿಡೋಣ’ ಎನ್ನುವುದು ಇನ್ನೊಂದು. ಮೊದಲನೆಯ ಮಾತು ನಂಬಿ ಕೂತವರ ಹುಣ್ಣು ಆಳವಾಗುತ್ತದೆ. ಎರಡನೆಯದು ಕೇಳಲು ಸರಿಯೆನಿಸುತ್ತದೆ, ಆದರೆ ಅದರಲ್ಲೂ ಒಂದು ತೊಡಕಿದೆ. ಊದಿಕೊಂಡ, ಹುಣ್ಣಾದ ಒಸಡಿನ ಮೇಲೆಯೇ ಅಚ್ಚು ತೆಗೆದರೆ ಹೊಸ ಸೆಟ್ಟು ಆ ಊತದ ಅಳತೆಗೆ ತಯಾರಾಗುತ್ತದೆ. ಕೆಲವು ವಾರಗಳಲ್ಲಿ ಊತ ಇಳಿದರೆ ಅದೂ ಸಡಿಲ, ಮತ್ತೆ ಅದೇ ಕಥೆ. ದುಡ್ಡೂ ಹೋಯಿತು, ನೋವೂ ಉಳಿಯಿತು. ಹೊಸದಕ್ಕೆ ಕೈಹಾಕುವ ಮೊದಲು ಹಳೆಯ ಸೆಟ್ಟಿನ ಒಳಮೈಗೇ ಮೆತ್ತನೆಯ ಪದರವೊಂದನ್ನು ಹಚ್ಚಿ, ಒಸಡು ಮಾಯಲು ಬಿಡುವುದು ಹಲ್ಲಿನ ವೈದ್ಯರಿಗೆಲ್ಲ ಗೊತ್ತಿರುವ ಚಿಕಿತ್ಸೆ. ಅದು ಇನ್ನೂ ಹೆಚ್ಚು ಜನರಿಗೆ ಸಿಗಬೇಕು. ಜೊತೆಗೆ, ಅದು ಕೆಲವೇ ದಿನಗಳ ಚಿಕಿತ್ಸೆ ಎಂಬುದು ಕೊಡುವವರಿಗೂ ಪಡೆಯುವವರಿಗೂ ಸ್ಪಷ್ಟವಿರಬೇಕು.

ಒಸಡು ಇಷ್ಟು ಬೇಗ ಸೋಲುವುದೇಕೆ ಎಂಬುದಕ್ಕೆ ಅಳತೆಯಲ್ಲೇ ಉತ್ತರವಿದೆ. ಸ್ವಂತ ಹಲ್ಲು ನೇರವಾಗಿ ಮೂಳೆಗೆ ಅಂಟಿಕೊಂಡಿರುವುದಿಲ್ಲ. ಬೇರಿನ ಸುತ್ತ ಇರುವ ಸೂಕ್ಷ್ಮ ನಾರುಗಳು ಅದನ್ನು ಹಿಡಿದಿಟ್ಟು, ಅಗಿಯುವ ಭಾರವನ್ನು ಮೂಳೆಗೆ ಹದವಾಗಿ ದಾಟಿಸುತ್ತವೆ. ಒಂದು ದವಡೆಯ ಎಲ್ಲ ಹಲ್ಲುಗಳ ಈ ನಾರಿನ ವಿಸ್ತೀರ್ಣ ಸುಮಾರು 45 ಚದರ ಸೆಂಟಿಮೀಟರ್ ಎಂದು ದಂತವೈದ್ಯ ಪಠ್ಯಗಳು ಹೇಳುತ್ತವೆ. ಹಲ್ಲೆಲ್ಲ ಹೋದ ಮೇಲೆ ಮೇಲಿನ ಸೆಟ್ಟಿಗೆ ಕೂರಲು ಸಿಗುವ ಜಾಗ ಸುಮಾರು 23, ಕೆಳಗಿನದಕ್ಕೆ ಬರೀ 12 ಚದರ ಸೆಂಟಿಮೀಟರ್. ಅಷ್ಟು ಕಿರಿದಾದ ಜಾಗದಲ್ಲಿ, ಒಂದೆರಡು ಮಿಲಿಮೀಟರ್ ದಪ್ಪದ ಒಸಡು, ಕೆಳಗೆ ಮೂಳೆ ಮೇಲೆ ಗಟ್ಟಿ ಅಕ್ರಿಲಿಕ್ ಇವೆರಡರ ನಡುವೆ ದಿನವಿಡೀ ಸಿಕ್ಕಿಕೊಂಡಿರುತ್ತದೆ. ದೂರು ಬರುವುದು ಬಹುತೇಕ ಕೆಳಗಿನ ಸೆಟ್ಟಿನದ್ದೇ ಆಗಿರುವುದಕ್ಕೆ ಇದೂ ಒಂದು ಕಾರಣ. ಪೂರ್ತಿ ಸೆಟ್ಟು ಹಾಕಿಕೊಂಡವರ ಅಗಿಯುವ ಸಾಮರ್ಥ್ಯ ಸ್ವಂತ ಹಲ್ಲಿರುವವರ ಆರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ ಎಂದು ಕಪೂರ್ ಮತ್ತು ಸೋಮನ್ 1964ರಲ್ಲೇ ತೋರಿಸಿದ್ದರು. ಒಸಡಿಗೆ ಹುಣ್ಣಾದರೆ ಆ ಆರನೇ ಒಂದು ಭಾಗವೂ ಉಳಿಯುವುದಿಲ್ಲ. ಜೋಳದ ರೊಟ್ಟಿ ಸಾರಿನಲ್ಲಿ ನೆನೆಯುತ್ತದೆ, ಕಾಳುಪಲ್ಯ ತಟ್ಟೆಯ ಅಂಚಿಗೆ ಸರಿಯುತ್ತದೆ, ಅಗಿಯಬೇಕಾದದ್ದೆಲ್ಲ ಒಂದೊಂದಾಗಿ ಊಟದಿಂದ ಹೊರಬೀಳುತ್ತದೆ.

ಇದರ ಮೇಲೆ ಮೂಳೆ ಸವೆಯುವುದು ಬೇರೆ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಏಣು ವರ್ಷ ವರ್ಷವೂ ತಗ್ಗುತ್ತ ಹೋಗುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಹಲ್ಲುಸೆಟ್ಟು ಹಾಕಿಕೊಂಡವರನ್ನು 25 ವರ್ಷಗಳವರೆಗೆ ಅಳೆದು ನೋಡಿ 1972ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂದಿಗೂ ಎಲ್ಲರೂ ಉದಾಹರಿಸುತ್ತಾರೆ. ಸವೆತ ಮೊದಲ ವರ್ಷ ಅತಿ ಹೆಚ್ಚು, ಆದರೆ ಆಮೇಲೂ ಅದು ನಿಲ್ಲುವುದಿಲ್ಲ. ಕೆಳದವಡೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ ಎಂಬುದು ಅದರಲ್ಲಿ ಕಂಡ ಸಂಗತಿ. ಆದ್ದರಿಂದ ಹತ್ತು ವರ್ಷದ ಹಿಂದೆ ಅಚ್ಚುಕಟ್ಟಾಗಿ ಕೂತಿದ್ದ ಸೆಟ್ಟು ಇಂದು ಅಲ್ಲಾಡಿದರೆ ಅದನ್ನು ಮಾಡಿಕೊಟ್ಟವರನ್ನು ದೂರಿ ಫಲವಿಲ್ಲ. ಅಲ್ಲಾಡುವ ಸೆಟ್ಟು ಎಲ್ಲೋ ಒಂದು ಕಡೆ ಹೆಚ್ಚು ಊರುತ್ತದೆ. ಊರಿದ ಕಡೆ ಒಸಡು ಕೆಂಪಾಗಿ, ಬೆಳ್ಳಗಿನ ಪೊರೆಗಟ್ಟಿ, ಹುಣ್ಣಾಗುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸೆಟ್ಟಿನ ಅಂಚಿನ ಗುಂಟ ಮಾಂಸ ಮಡಿಕೆ ಮಡಿಕೆಯಾಗಿ ಬೆಳೆಯುವುದೂ ಉಂಟು. ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಬಿಪಿ, ಮಾನಸಿಕ ಕಾಯಿಲೆಗಳಿಗೆ ನುಂಗುವ ಕೆಲವು ಮಾತ್ರೆಗಳಿಂದ ಬಾಯಿ ಒಣಗಿದರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ಎಂಜಲು ಒಸಡಿಗೂ ಸೆಟ್ಟಿಗೂ ನಡುವೆ ಜಾರುವ ಪೊರೆಯಂತಿದ್ದು ಉಜ್ಜಾಟ ತಪ್ಪಿಸುತ್ತದೆ; ಅದಿಲ್ಲದ ಕಡೆ ಕ್ಯಾಂಡಿಡಾ ಎಂಬ ಬೂಷ್ಟು ಸಲೀಸಾಗಿ ನೆಲೆಯೂರುತ್ತದೆ.

ಈ ಹಂತದಲ್ಲಿ ಬರುವುದೇ ಟಿಶ್ಯೂ ಕಂಡೀಷನರ್ ಎಂಬ ಮೆತ್ತನೆಯ ಪದರ. ಒಂದು ಪುಡಿ, ಒಂದು ದ್ರವ, ಇಷ್ಟೇ ಅದರ ಸಾಮಗ್ರಿ. ಪುಡಿ ಸಾಮಾನ್ಯವಾಗಿ ಪಾಲಿ ಈಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್. ದ್ರವದಲ್ಲಿ ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ಎಣ್ಣೆಯಂಥ ರಾಸಾಯನಿಕವೂ ಸ್ವಲ್ಪ ಆಲ್ಕೋಹಾಲೂ ಇರುತ್ತವೆ. ವೈದ್ಯರು ಮೊದಲು ಸೆಟ್ಟಿನ ಒಳಮೈಯನ್ನು ಕೊಂಚ ಕೆರೆದು, ಅತಿಯಾಗಿ ಊರುತ್ತಿರುವ ಅಂಚನ್ನು ತಗ್ಗಿಸಿ, ಪದರ ಕೂರಲು ಜಾಗ ಮಾಡುತ್ತಾರೆ. ಆಮೇಲೆ ಪುಟ್ಟ ಬಟ್ಟಲಲ್ಲಿ ಎರಡನ್ನೂ ಕಲಸುತ್ತಾರೆ. ಜೇನಿನ ಹದಕ್ಕೆ ಬಂದಾಗ ಒಳಮೈಗೆ ಸವರಿ ಸೆಟ್ಟನ್ನು ಬಾಯಲ್ಲಿಡುತ್ತಾರೆ. ಹಲ್ಲು ಮೆಲ್ಲಗೆ ಕಚ್ಚಿ, ಉಗುಳು ನುಂಗಿ, ನಾಲಿಗೆ ಆಚೀಚೆ ಹೊರಳಿಸಿ, ನಾಲ್ಕು ಮಾತಾಡಿ ಎನ್ನುತ್ತಾರೆ. ಕೆಲವೇ ನಿಮಿಷಗಳಲ್ಲಿ ಆ ಲೇಹ ಜೆಲ್ಲಿನಂತಾಗುತ್ತದೆ. ಸೆಟ್ಟು ಹೊರತೆಗೆದು ನೋಡಿದರೆ ಬಿಳಿಯ ಪದರದ ನಡುವೆ ಅಲ್ಲಲ್ಲಿ ಅಡಿಯ ಗುಲಾಬಿ ಅಕ್ರಿಲಿಕ್ ಇಣುಕುತ್ತಿರುತ್ತದೆ. ಹೆಚ್ಚು ಒತ್ತಡ ಬೀಳುತ್ತಿದ್ದ ಜಾಗ ಅದೇ. ರೋಗಿ ಬೆರಳಿಟ್ಟು ತೋರಿಸಲಾಗದ ನೋವಿನ ತಾಣವನ್ನು ಪದರವೇ ತೋರಿಸಿಕೊಡುತ್ತದೆ. ಅಲ್ಲಿ ಇನ್ನಷ್ಟು ಕೆರೆದು ಮತ್ತೆ ಹಚ್ಚುತ್ತಾರೆ.

ಇದನ್ನು ಬರೀ ಮೆತ್ತೆ ಎಂದುಕೊಂಡರೆ ಅರ್ಧ ಮಾತ್ರ ಅರ್ಥವಾದಂತೆ. ತುತ್ತು ಕಚ್ಚಿದಾಗಿನ ಥಟ್ಟನೆಯ ಪೆಟ್ಟಿಗೆ ಈ ಪದರ ಸ್ಪಂಜಿನ ಗುಣ ತೋರಿಸಿ ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ನಿಧಾನವಾಗಿ, ಗಂಟೆಗಟ್ಟಲೆ ಬೀಳುವ ಒತ್ತಡಕ್ಕೆ ಹರಿದು ಜಾಗ ಬಿಟ್ಟುಕೊಡುತ್ತದೆ. ಊತ ಇಳಿದಂತೆಲ್ಲ ಒಸಡಿನ ಆಕಾರ ಬದಲಾಗುತ್ತದೆ, ಪದರವೂ ಅದರ ಜೊತೆಗೇ ತನ್ನ ಆಕಾರ ಬದಲಿಸಿಕೊಳ್ಳುತ್ತದೆ. ಚೇಸ್ ಎಂಬ ದಂತವೈದ್ಯರು 1961ರಲ್ಲಿ ಇದನ್ನು ಚಿಕಿತ್ಸಾ ವಿಧಾನವಾಗಿ ವಿವರಿಸಿದಾಗ ಮುಂದಿಟ್ಟದ್ದು ಈ ಗುಣವನ್ನೇ. ಹೀಗೆ ಹರಿಯಬಲ್ಲ ವಸ್ತು ಬಹುಕಾಲ ಬಾಳಲಾರದು ಎಂಬುದೂ ಇದರಲ್ಲೇ ಅಡಗಿದೆ. ಆಲ್ಕೋಹಾಲ್ ಬಹುಬೇಗ ಎಂಜಲಿಗೆ ಸೇರುತ್ತದೆ. ಮೆದುಗೊಳಿಸುವ ರಾಸಾಯನಿಕ ದಿನಕ್ಕಿಷ್ಟಿಷ್ಟು ಹೊರಬರುತ್ತದೆ. ಮೂರ್ನಾಲ್ಕು ದಿನದಿಂದ ಒಂದು ವಾರದೊಳಗೆ ಪದರವನ್ನು ನೋಡಿ ಬದಲಿಸಬೇಕೆನ್ನುವುದು ಇದಕ್ಕೇ. ಒಸಡು ಗುಲಾಬಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗುವವರೆಗೆ ಹೀಗೆ ಬದಲಿಸುತ್ತ ಹೋಗಿ, ಆಮೇಲೆ ಅಚ್ಚು ತೆಗೆಯಬೇಕು. ನಡೆಯುವುದು ಮಾತ್ರ ಹಲವೆಡೆ ಬೇರೆಯೇ. ಮೊದಲ ಪದರ ಹಚ್ಚಿದ ಸಂಜೆಯೇ ನೋವು ಇಳಿಯುತ್ತದೆ, ರೋಗಿ ವಾಸಿಯಾಯಿತೆಂದುಕೊಂಡು ಮರಳಿ ಬರುವುದೇ ಇಲ್ಲ. ತಿಂಗಳು ಕಳೆಯುವಷ್ಟರಲ್ಲಿ ಆ ಪದರ ಗಡುಸಾಗಿ, ಮೈ ಒರಟಾಗಿ, ಸಣ್ಣ ಸಣ್ಣ ರಂಧ್ರಗಳಲ್ಲಿ ಬೂಷ್ಟು ತುಂಬಿಕೊಂಡು, ಮೊದಲಿದ್ದ ಅಕ್ರಿಲಿಕ್ಕಿಗಿಂತಲೂ ಕೆಟ್ಟದಾಗಿ ಉಜ್ಜತೊಡಗುತ್ತದೆ. ಪದರ ಹಚ್ಚಿದ ದಿನವೇ ಅದನ್ನು ತೆಗೆಯುವ ದಿನವನ್ನೂ ಚೀಟಿಯ ಮೇಲೆ ಬರೆದುಕೊಡದಿದ್ದರೆ ಆ ಚಿಕಿತ್ಸೆ ಅರ್ಧಕ್ಕೇ ನಿಂತಂತೆ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಶಾಶ್ವತವಾಗಿ ಮೆತ್ತಗಿರುವಂಥದ್ದನ್ನೇ ಹಾಕಬಾರದೇಕೆ ಎಂಬ ಪ್ರಶ್ನೆ ಸಹಜ. ಅಂಥವೂ ಇವೆ, ಮುಖ್ಯವಾಗಿ ಸಿಲಿಕೋನ್‌ನವು. ಅವುಗಳಲ್ಲಿ ಹೊರಸೋರುವ ರಾಸಾಯನಿಕ ಇರುವುದಿಲ್ಲವಾದ್ದರಿಂದ ಹೆಚ್ಚು ಕಾಲ ಮೆತ್ತಗಿರುತ್ತವೆ. ಲ್ಯಾಬಿನಲ್ಲಿ ಶಾಖ ಕೊಟ್ಟು ತಯಾರಿಸಿದವು ವರ್ಷಗಟ್ಟಲೆಯೂ ಬಾಳುತ್ತವೆ. ಏಣು ಪೂರ್ತಿ ಸವೆದು ಚೂಪಾದ ಮೂಳೆಯ ಮೇಲೆ ತೆಳ್ಳನೆಯ ಒಸಡು ಮಾತ್ರ ಉಳಿದವರಿಗೆ, ಬಾಯಿ ಸದಾ ಒಣಗಿರುವವರಿಗೆ ಇವು ನಿಜವಾಗಿಯೂ ಉಪಕಾರಿ. ಕೆಳಗಿನ ಸೆಟ್ಟಿಗೆ ಇಂಥ ಪದರವಿದ್ದರೆ ಅಗಿಯುವುದೂ ಸಮಾಧಾನವೂ ಸುಧಾರಿಸುತ್ತವೆ ಎಂದು ಅಧ್ಯಯನಗಳು ಕಂಡುಕೊಂಡಿವೆ. ಆದರೆ ಎಲ್ಲರಿಗೂ ಇದೇ ಸಾಕೆನ್ನಲಾಗದು. ಮೆತ್ತೆಯ ಕೆಲಸ ಮಾಡಬೇಕಾದರೆ ಪದರ ಸುಮಾರು ಎರಡು ಮಿಲಿಮೀಟರ್ ದಪ್ಪವಿರಬೇಕು. ಅಷ್ಟು ಅಕ್ರಿಲಿಕ್ಕನ್ನು ತೆಗೆದರೆ ಮೊದಲೇ ಸಣಕಲಾದ ಕೆಳಗಿನ ಸೆಟ್ಟು ನಡುವೆ ಮುರಿಯುವ ಭಯವಿದೆ. ಸಿಲಿಕೋನ್ ಅಕ್ರಿಲಿಕ್ಕಿಗೆ ತಾನಾಗಿ ಅಂಟುವುದಿಲ್ಲ, ಅಂಚಿನಲ್ಲಿ ಬಿಟ್ಟುಕೊಂಡರೆ ಅಲ್ಲಿ ಕೊಳೆ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂಡದೆ ಸೆಟ್ಟು ಪಕ್ಕಕ್ಕೆ ಜಾರುತ್ತಿದ್ದರೆ, ಎಷ್ಟೇ ಮೆತ್ತನೆಯ ಪದರವೂ ಆ ದೋಷವನ್ನು ಮುಚ್ಚುತ್ತದೆಯೇ ಹೊರತು ತಿದ್ದುವುದಿಲ್ಲ.

ಕೆಲವು ದಿನ ಸೆಟ್ಟು ತೆಗೆದಿಟ್ಟರೆ ಸಾಲದೇ ಎನ್ನುವವರೂ ಇದ್ದಾರೆ. ಒಸಡಿನ ಮಟ್ಟಿಗೆ ಅದು ಒಳ್ಳೆಯ ಚಿಕಿತ್ಸೆಯೇ. ಅಚ್ಚು ತೆಗೆಯುವ ಮೊದಲು ಎರಡು ಮೂರು ದಿನವಾದರೂ ಸೆಟ್ಟು ಹಾಕಬೇಡಿ ಎಂದು ವೈದ್ಯರು ಹೇಳುವುದುಂಟು, ರಾತ್ರಿ ತೆಗೆದು ನೀರಲ್ಲಿಡುವುದಂತೂ ಎಲ್ಲರೂ ಪಾಲಿಸಬೇಕಾದದ್ದು. ಆದರೆ ಅಂಗಡಿಯಲ್ಲಿ ಕೂರುವವರಿಗೆ, ನೆಂಟರ ಮದುವೆಗೆ ಹೊರಟವರಿಗೆ ವಾರಗಟ್ಟಲೆ ಬೋಳು ಬಾಯಲ್ಲಿರಿ ಎಂದರೆ ಒಪ್ಪುವರೇ? ಅವರು ಒಪ್ಪದಿರುವುದನ್ನು ಹಟ ಎನ್ನಲಾಗದು. ಬಾಯಿ ಮುಚ್ಚಿ ಮಾತಾಡಬೇಕಾದ ಮುಜುಗರ ಸಣ್ಣದಲ್ಲ. ಸೆಟ್ಟೂ ಬಾಯಲ್ಲಿದ್ದು ಒಸಡೂ ಮಾಯುವ ಅನುಕೂಲ ಮೆತ್ತನೆಯ ಪದರದಲ್ಲಿ ಮಾತ್ರ ಇದೆ. ಮನೆಯಲ್ಲೇ ಅರದಿಂದ ಉಜ್ಜುವುದು, ಹತ್ತಿ ತುರುಕುವುದು, ತಾವಾಗಿಯೇ ಪದರ ಹಚ್ಚಿಕೊಳ್ಳುವ ಕಿಟ್ ತರಿಸುವುದು ಇವೆಲ್ಲ ಅಪಾಯಕ್ಕೆ ದಾರಿ: ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ತೆಳ್ಳಗಾದ ಪದರ ಕಚ್ಚುವ ರೀತಿಯನ್ನೇ ಕೆಡಿಸಿ ಮೂಳೆಯನ್ನು ಇನ್ನೂ ಬೇಗ ಸವೆಸುತ್ತದೆ. ಅಂಟಿಸುವ ಪೇಸ್ಟು ಸರಿಯಾಗಿ ಕೂರುವ ಸೆಟ್ಟಿಗೆ ಆಸರೆಯಾಗಬಹುದು, ಹುಣ್ಣಿಗೆ ಮದ್ದಾಗದು. ಸತುವಿರುವ ಪೇಸ್ಟನ್ನು ವರ್ಷಗಟ್ಟಲೆ ವಿಪರೀತ ಬಳಸಿದವರಲ್ಲಿ ದೇಹದ ತಾಮ್ರದ ಅಂಶ ಕುಸಿದು ನರಗಳಿಗೇ ಹಾನಿಯಾದ ಪ್ರಕರಣಗಳು 2008ರಲ್ಲಿ ಅಮೆರಿಕದಿಂದ ವರದಿಯಾಗಿದ್ದವು.

ಖರ್ಚು ಮತ್ತು ಓಡಾಟದ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಕೆಳದವಡೆಗೆ ಎರಡು ಇಂಪ್ಲಾಂಟ್ ಹಾಕಿ ಅದರ ಮೇಲೆ ಸೆಟ್ಟು ಕೂರಿಸುವುದನ್ನೇ ಮೊದಲ ಆಯ್ಕೆಯಾಗಿಸಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದರು. ಚಿಕಿತ್ಸೆಯಾಗಿ ಅದು ಮೇಲು, ನಿಜ. ನಮ್ಮ ಹಳ್ಳಿಯ ಹಿರಿಯರಲ್ಲಿ ಎಷ್ಟು ಮಂದಿಯ ಕೈಗೆ ಅದು ಎಟುಕುತ್ತದೆ? ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡುವ ‘ದಂತ ಭಾಗ್ಯ’ ಯೋಜನೆಯನ್ನು ಕರ್ನಾಟಕ ಸರ್ಕಾರ ತಂದದ್ದು ಈ ದೃಷ್ಟಿಯಿಂದ ದೊಡ್ಡ ಕೆಲಸ. ಆದರೆ ಸೆಟ್ಟು ಕೈಗಿತ್ತ ದಿನವೇ ಕೆಲಸ ಮುಗಿಯಿತೆಂಬ ಲೆಕ್ಕ ಯಾವ ಯೋಜನೆಯಲ್ಲೂ ಇರಬಾರದು, ಏಕೆಂದರೆ ದವಡೆ ಸವೆಯುವುದು ಆ ದಿನಕ್ಕೆ ನಿಲ್ಲುವುದಿಲ್ಲ. ಮೆತ್ತನೆಯ ಪದರಕ್ಕೆ ಲ್ಯಾಬು ಬೇಡ, ದುಬಾರಿ ಯಂತ್ರ ಬೇಡ. ಕುರ್ಚಿಯಲ್ಲಿ ಕೂರಿಸಿ ಅರ್ಧ ತಾಸಿನಲ್ಲಿ ಮುಗಿಸಬಹುದಾದ ಕೆಲಸ. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲೇ ಇದು ಸಿಗುವಂತೆ ಮಾಡಿ, ಸೆಟ್ಟು ಪಡೆದವರನ್ನು ವರ್ಷಕ್ಕೊಮ್ಮೆಯಾದರೂ ಕರೆದು ನೋಡಿದರೆ, ಹಲ್ಲುಸೆಟ್ಟು ಟ್ರಂಕಿನೊಳಗೆ ಸೇರುವುದು ಎಷ್ಟೋ ಕಡೆ ತಪ್ಪೀತು.

ಪದರ ಹಾಕಿಸಿಕೊಂಡವರು ಅದನ್ನು ಗಟ್ಟಿ ಬ್ರಷ್ಷಿನಿಂದ ತಿಕ್ಕಬಾರದು, ಬಿಸಿನೀರಲ್ಲಿ ಅದ್ದಬಾರದು, ಗುಳ್ಳೆಯೇಳುವ ಮಾತ್ರೆ ಹಾಕಿದ ನೀರಲ್ಲಿ ನೆನೆಸಬಾರದು. ಹತ್ತಿಯಿಂದಲೋ ಮೆತ್ತನೆಯ ಬ್ರಷ್ಷಿನಿಂದಲೋ ತಣ್ಣೀರಲ್ಲಿ ಸವರಿ ತೊಳೆದರೆ ಸಾಕು. ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಒತ್ತಡದಿಂದಾದ ಹುಣ್ಣು ಒತ್ತಡ ತೆಗೆದರೆ ಮಾಯಲೇಬೇಕು. ಪದರ ಹಚ್ಚಿ ಎರಡು ವಾರವಾದರೂ ಮಾಯದ ಹುಣ್ಣು, ಅಂಚು ಗಟ್ಟಿಯಾದ ಹುಣ್ಣು, ಮುಟ್ಟಿದರೆ ರಕ್ತ ಬರುವ ಹುಣ್ಣು ಇದ್ದರೆ ಅದನ್ನು ಸೆಟ್ಟಿನ ತಲೆಗೆ ಕಟ್ಟಿ ಸುಮ್ಮನಿರುವಂತಿಲ್ಲ. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸ ಹಿಂದೆ ಇದ್ದವರಲ್ಲಿ, ಈಗಲೂ ಇರುವವರಲ್ಲಿ, ಬಾಯಿ ಕ್ಯಾನ್ಸರು ಆರಂಭದಲ್ಲಿ ಹೀಗೇ, ಸೆಟ್ಟು ಒತ್ತಿದ ಗಾಯದಂತೆಯೇ ಕಾಣಬಹುದು. ಅಂಥ ಹುಣ್ಣಿನ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸುವಂತೆ ವೈದ್ಯರನ್ನು ಮನೆಯವರೇ ಕೇಳಬೇಕು, ಮತ್ತೊಂದು ಪದರ ಹಚ್ಚಿಸಿಕೊಳ್ಳುವ ಮೊದಲು.