ವ್ಯಸನಿ, ವೈದ್ಯ ಮತ್ತು ಕಾಯಿದೆ

ಹೊನ್ನಾವರದಲ್ಲಿ ಶರಾವತಿಯು ಸಮುದ್ರವನ್ನು ಸೇರುವ ಅಳಿವೆಯ ಬಾಯಿಯಲ್ಲಿ ಮರಳಿನ ದಿಬ್ಬ ಕಟ್ಟಿಕೊಳ್ಳುವುದುಂಟು. ದೋಣಿಯ ಯಂತ್ರ ಎಷ್ಟೇ ಬಲವಾಗಿರಲಿ, ನಡೆಸುವವನು ಎಷ್ಟೇ ಕುಶಲನಾಗಿರಲಿ, ಇಳಿತದ ಹೊತ್ತಿನಲ್ಲಿ ಆ ದಿಬ್ಬವನ್ನು ದಾಟುವುದು ಅಪಾಯ. ಒಂದೋ ಉಬ್ಬರ ಬಂದು ನೀರು ಏರಬೇಕು, ಇಲ್ಲವೆ ಹೂಳೆತ್ತಿ ದಿಬ್ಬವನ್ನು ತಗ್ಗಿಸಬೇಕು. ಭೌತವಿಜ್ಞಾನದಲ್ಲಿಯೂ ನಾವು ಇಂಥದೇ ಒಂದು ಸಂಗತಿಯನ್ನು ಕಾಣುತ್ತೇವೆ. ಗುಂಡೊಂದು ಕೆಳಗಿನ ತಗ್ಗಿಗೆ ಉರುಳಿ ನೆಮ್ಮದಿಯಾಗಿ ನಿಲ್ಲಬಲ್ಲುದಾದರೂ, ನಡುವೆ ಸಣ್ಣದೊಂದು ಏರು ಇದ್ದರೆ ಅದು ಇದ್ದಲ್ಲಿಯೇ ಉಳಿಯುತ್ತದೆ. ಆ ಏರನ್ನು ‘ವಿಭವ ತಡೆ’ ಎಂದು ಕರೆಯುತ್ತಾರೆ.

ಮದ್ಯ ಅಥವಾ ಮಾದಕ ಪದಾರ್ಥಗಳ ವ್ಯಸನಕ್ಕೆ ಸಿಕ್ಕಿದವನ ಸ್ಥಿತಿಯೂ ಹೀಗೆಯೇ. ಚಿಕಿತ್ಸೆಯಿದೆ, ಔಷಧಗಳಿವೆ, ನಡುವೆ ಮಾತ್ರ ತಡೆಯಿದೆ. ಭಾರತ ಸರ್ಕಾರದ ಪರವಾಗಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಉಳಿದ 37 ಮಂದಿಯನ್ನು ತಡೆದುದೇನು? ಆ ತಡೆಗಳನ್ನು ತಗ್ಗಿಸುವಲ್ಲಿ ಕಾಯಿದೆಯಿಂದ ಆಗಬಹುದಾದುದೆಷ್ಟು? ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲ್ಲೂಕುಗಳನ್ನು ಕಣ್ಣೆದುರಿಗಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಮೊದಲು ವ್ಯಸನವೆಂದರೇನೆಂಬುದನ್ನು ತಿಳಿಯಬೇಕು. ನಮ್ಮ ಮೆದುಳಿನಲ್ಲಿ ನರಕೋಶಗಳನ್ನು ಉದ್ರೇಕಿಸುವ ಗ್ಲುಟಮೇಟ್ ಎಂಬ ರಾಸಾಯನಿಕವಿದೆ. ಅವನ್ನು ಶಮನಗೊಳಿಸುವ ಗಾಬಾ ಎಂಬುದೂ ಇದೆ. ಇವೆರಡೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮತೂಕದಲ್ಲಿರುತ್ತವೆ. ಮದ್ಯವು ಶಮನದ ತಟ್ಟೆಗೆ ಭಾರ ಹಾಕುತ್ತದೆ. ದಿನವೂ ಹೀಗಾದರೆ, ಸಮತೂಕವನ್ನು ಕಾಯಲು ಮೆದುಳು ಉದ್ರೇಕದ ತಟ್ಟೆಗೂ ಭಾರ ಸೇರಿಸುತ್ತ ಹೋಗುತ್ತದೆ. ಆಮೇಲೆ ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಏನಾದೀತು? ತಕ್ಕಡಿ ಒಮ್ಮೆಗೇ ಉದ್ರೇಕದ ಕಡೆಗೆ ವಾಲುತ್ತದೆ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ತೋರುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳವು ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕು ದಿನಗಳೊಳಗೆ ಸನ್ನಿ ಹಿಡಿಯುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ವೈದ್ಯರಾದರೋ ಶಮನಕಾರಿ ಔಷಧವನ್ನು ಕೊಟ್ಟು, ಅದನ್ನು ದಿನದಿನಕ್ಕೆ ಕಡಮೆಮಾಡುತ್ತ, ಜೊತೆಗೆ ಬಿ1 ಜೀವಸತ್ವವನ್ನು ಒದಗಿಸಿ ತಕ್ಕಡಿಯನ್ನು ಮೆಲ್ಲನೆ ಸರಿಗೆ ತರುತ್ತಾರೆ. ‘ಮನಸ್ಸು ಗಟ್ಟಿ ಮಾಡಿ ಬಿಟ್ಟುಬಿಡು’ ಎಂಬ ಬುದ್ಧಿವಾದವೊಂದೇ ಇಲ್ಲಿ ಸಾಲದು.

ನಮ್ಮ ಶಾಸನಗಳು ಈ ಸಂಗತಿಯನ್ನು ಗುರುತಿಸಿದುದು ತಡವಾಗಿ. ಮಾದಕ ಪಾನೀಯಗಳೂ ಸಾರ್ವಜನಿಕ ಆರೋಗ್ಯವೂ ಸಂವಿಧಾನದ ಪ್ರಕಾರ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯಗಳು. 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡವು ಮುಂಬಯಿ ರಾಜ್ಯದಲ್ಲಿತ್ತು. ಆ ರಾಜ್ಯದ 1949ರ ಪಾನನಿರೋಧ ಕಾಯಿದೆಯಂತೆ 1950ರ ಏಪ್ರಿಲ್ 6ರಿಂದ ಸಂಪೂರ್ಣ ಪಾನನಿರೋಧವು ಜಾರಿಗೆ ಬಂದಿತು. ಕುಡಿದವನಿಗೆ ದಂಡ, ಸೆರೆಮನೆ. ಆರೋಗ್ಯಕ್ಕಾಗಿ ಮದ್ಯ ಬೇಕೆಂಬವರಿಗೆ ಪರವಾನಗಿ ಕೊಡುವ ಏರ್ಪಾಡೂ ಆ ಕಾಯಿದೆಯಲ್ಲಿ ಸೇರಿತು. ಆದರೆ ಅದು ವಿದೇಶೀ ಮದ್ಯಕ್ಕೆ ಮಾತ್ರ. ಶೇಂದಿ ಕುಡಿಯುವ ಕೂಲಿಗಾರನಿಗೆ ಅದರಿಂದ ಪ್ರಯೋಜನವೇನು? ಮುಂದೆ 1961ರ ಮೈಸೂರು ಪಾನನಿರೋಧ ಕಾಯಿದೆಯೂ ಆ ಬಳಿಕ 1965ರ ಅಬಕಾರಿ ಕಾಯಿದೆಯೂ ಬಂದವು. ಒಂದರ ಚಿಂತೆ ನಿಷೇಧ, ಇನ್ನೊಂದರ ಚಿಂತೆ ಪರವಾನಗಿ ಮತ್ತು ಸುಂಕ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಅಂಗಡಿಯನ್ನು ಮುಚ್ಚುವುದು ಬೇರೆ, ಆಸ್ಪತ್ರೆಯನ್ನು ತೆರೆಯುವುದು ಬೇರೆ. 2020ರ ಮಾರ್ಚಿಯಿಂದ ಮೇ ಮೊದಲ ವಾರದವರೆಗೆ ಸೋಂಕಿನ ನಿಮಿತ್ತ ಮದ್ಯದಂಗಡಿಗಳು ಮುಚ್ಚಿದ್ದಾಗ, ಥಟ್ಟನೆ ಮದ್ಯ ನಿಂತುದರಿಂದ ಸೆಳವು, ಸನ್ನಿಗಳಿಗೆ ಒಳಗಾದವರು ಬೆಂಗಳೂರಿನ ಆಸ್ಪತ್ರೆಗಳಿಗೆ ಹೆಚ್ಚಾಗಿ ಬಂದುದನ್ನು ವೈದ್ಯರು ದಾಖಲಿಸಿದ್ದಾರೆ.

ತಡೆಗಳನ್ನು ತಗ್ಗಿಸುವ ಶಾಸನಗಳು ಇಲ್ಲವೇ ಎಂದರೆ, ಇವೆ. ಮೊದಲನೆಯ ತಡೆ ಭಯ. ವೈದ್ಯನ ಬಳಿ ನಿಜ ಹೇಳಿದರೆ ಪೋಲೀಸರು ಬಂದಾರೆಂಬ ಅಂಜಿಕೆ. 1985ರ ಮಾದಕ ದ್ರವ್ಯ ಕಾಯಿದೆಗೆ 1989ರಲ್ಲಿ ಸೇರಿದ 64ಎ ಪ್ರಕರಣವು ಇದಕ್ಕೆ ಪರಿಹಾರ. ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರದ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯದು. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಎರಡನೆಯದು ಲಜ್ಜೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕ ಪದಾರ್ಥಗಳ ದುರ್ಬಳಕೆಯಿಂದಾದ ಮಾನಸಿಕ ಸ್ಥಿತಿಗಳನ್ನು ರೋಗಗಳ ಸಾಲಿಗೆ ಸೇರಿಸಿದುದಲ್ಲದೆ, ರೋಗಿಯ ಗುಟ್ಟನ್ನು ಕಾಯುವುದನ್ನು ಹಕ್ಕೆಂದು ಸಾರಿತು. ಮೂರನೆಯದು ಹಣ. ವಿಮೆಯು ಮನೋರೋಗಕ್ಕೂ ದೇಹರೋಗಕ್ಕೂ ಒಂದೇ ಆಧಾರದಲ್ಲಿ ದೊರೆಯಬೇಕೆಂದು ಅದೇ ಕಾಯಿದೆ ವಿಧಿಸಿತು. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ, ಕಂಪನಿಗಳು ವಿಮೆಯಿಂದ ಹೊರಗಿಡಬಹುದಾದ ವಿಷಯಗಳ ಪೈಕಿ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆಯೂ ಇತ್ತು. ಒಂದು ಕೈ ಎತ್ತಿದ ಹೂಳನ್ನು ಇನ್ನೊಂದು ಕೈ ಮತ್ತೆ ಅಲ್ಲಿಯೇ ಸುರಿದಂತಾಯಿತು!

ನಾಲ್ಕನೆಯ ತಡೆ ದೂರ. ನಮ್ಮ ಕರಾವಳಿಗೆ ದೊಡ್ಡದು ಇದೇ. ರೋಗಿಯು ಚಿಕಿತ್ಸೆಗಾಗಿ ದೂರ ಪ್ರಯಾಣ ಮಾಡುವಂತಾಗಬಾರದು, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಪ್ರಾಥಮಿಕ ಹಾಗೂ ತುರ್ತು ಮಾನಸಿಕ ಚಿಕಿತ್ಸೆ ಇರಬೇಕು ಎಂದು 2017ರ ಕಾಯಿದೆಯ 18ನೆಯ ಪ್ರಕರಣ ಹೇಳುತ್ತದೆ. ಎಂದರೆ ಕುಮಟಾ, ಹೊನ್ನಾವರ, ಭಟ್ಕಳಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ದೊರೆಯಲೇಬೇಕು. ಜಿಲ್ಲೆಯಲ್ಲಿ ಸರ್ಕಾರದ ಕನಿಷ್ಠ ಸೇವೆಯೂ ಇಲ್ಲದಿದ್ದರೆ, ರೋಗಿಯು ಅದೇ ಜಿಲ್ಲೆಯ ಬೇರೆ ಸಂಸ್ಥೆಗೆ ಹೋಗಬಹುದು, ವೆಚ್ಚ ಸರ್ಕಾರದ್ದು ಎಂದೂ ಅದರಲ್ಲಿದೆ. ‘ಅದೇ ಜಿಲ್ಲೆಯ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಭಟ್ಕಳದಿಂದ ಜಿಲ್ಲಾಕೇಂದ್ರವಾದ ಕಾರವಾರಕ್ಕೆ ಸುಮಾರು 130 ಕಿಲೋಮೀಟರು. ಮಣಿಪಾಲದ ದೊಡ್ಡ ಆಸ್ಪತ್ರೆಗೆ ಸುಮಾರು 90. ಆದರೆ ಮಣಿಪಾಲವಿರುವುದು ಉಡುಪಿ ಜಿಲ್ಲೆಯಲ್ಲಿ! ರೋಗಿಯ ಕಾಲು ಹತ್ತಿರದ ದಾರಿಯನ್ನು ಹಿಡಿಯುತ್ತದೆ, ಕಾಯಿದೆಯ ವಾಕ್ಯ ಜಿಲ್ಲೆಯ ಗಡಿಯಲ್ಲಿ ನಿಂತುಬಿಡುತ್ತದೆ. ಇದನ್ನು ಸರಿಪಡಿಸಲು ರಾಜ್ಯ ಸರ್ಕಾರಕ್ಕೆ ಸಾಧ್ಯವಿದೆ: ಗಡಿಯ ತಾಲ್ಲೂಕುಗಳವರು ನೆರೆಯ ಜಿಲ್ಲೆಯಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನೂ ತಾನೇ ವಹಿಸುವುದಾಗಿ ಅದು ಏರ್ಪಾಡು ಮಾಡಬಹುದು.

ನಿಯಮವೊಂದನ್ನು ಸಡಿಲಿಸಿದ ಮಾತ್ರಕ್ಕೆ ಫಲ ಕಂಡೀತೇ ಎಂದು ಸಂಶಯಪಡುವವರಿಗೆ ಫ್ರಾನ್ಸ್ ದೇಶದ ಅನುಭವವನ್ನು ಹೇಳಬಹುದು. ಅಲ್ಲಿ 1990ರ ದಶಕದ ಮಧ್ಯದಲ್ಲಿ, ಹೆರಾಯಿನ್ ವ್ಯಸನಿಗಳಿಗೆ ಬ್ಯುಪ್ರೆನಾರ್ಫಿನ್ ಎಂಬ ಔಷಧವನ್ನು ಬರೆದುಕೊಡುವ ಅಧಿಕಾರವನ್ನು ಸಾಮಾನ್ಯ ವೈದ್ಯರಿಗೂ ಕೊಟ್ಟರು. 1995ರಿಂದ 1999ರೊಳಗೆ ಮಾದಕ ದ್ರವ್ಯದ ಅತಿಸೇವನೆಯಿಂದಾಗುವ ಮರಣಗಳು ಸುಮಾರು ಐದರಲ್ಲಿ ನಾಲ್ಕು ಪಾಲು ಇಳಿದವು. ಇಳಿಕೆಗೆ ಬೇರೆ ಕಾರಣಗಳೂ ಸೇರಿರಬಹುದು. ಆದರೂ ಚಿಕಿತ್ಸೆಯು ಮನೆಯ ಹತ್ತಿರದ ವೈದ್ಯನ ಬಳಿಗೇ ಬಂದುದು ಮುಖ್ಯವಾದುದು.

ಕಾಯಿದೆಯು ದೋಣಿಯನ್ನು ನೂಕಲಾರದು, ದಿಬ್ಬವನ್ನು ತಗ್ಗಿಸಬಲ್ಲುದು. ನೂಕುವ ಕೆಲಸ ಮನೆಯವರದು, ನೆರೆಯವರದು, ಗೆಳೆಯರದು. ದಿನವೂ ಕುಡಿಯುವ ಒಬ್ಬರು ಒಮ್ಮೆಗೇ ಬಿಟ್ಟು ಕೈ ನಡುಗತೊಡಗಿದರೆ, ಗದರಿಸದೆ, ಮುಚ್ಚಿಡದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ನಮ್ಮ ವಿದ್ಯಾರ್ಥಿಗಳು ಇಷ್ಟನ್ನು ತಿಳಿದು ಮನೆಯಲ್ಲಿ ಹೇಳಿದರೂ 38 ಮಂದಿಗೆ ಒಬ್ಬನೆಂಬ ಲೆಕ್ಕ ಬದಲಾಗಲು ತೊಡಗುತ್ತದೆ.